ಸ್ಪ್ರಿಂಕ್ಲರ್ ವ್ಯವಸ್ಥೆಗೆ ಅನುಮತಿ: ಚಿಕ್ಕಮಗಳೂರಿನ ಒಂದು ವಸತಿಗೃಹದಲ್ಲಿ ನನ್ನ ಅನುಭವ

ಚಿಕ್ಕಮಗಳೂರಿನ ಬೈಪಾಸ್ ರಸ್ತೆಯ ಕಡೆ ಕಟ್ಟಿದ ಒಂದು ವಸತಿಗೃಹದ ಅಗ್ನಿಶಾಮಕ ವ್ಯವಸ್ಥೆಯನ್ನು, ಮುಖ್ಯವಾಗಿ ಬೆಂಕಿಯ ಬಿಸಿಗೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳನ್ನು, ವಿನ್ಯಾಸಗೊಳಿಸಿ, ಅದಕ್ಕೆ ಬೇಕಾದ ಅನುಮತಿಗಳನ್ನು ಪಡೆದು, ಕೊಳವೆ ಜೋಡಣೆಯಿಂದ ಅಂತಿಮ ತಪಾಸಣೆಯವರೆಗೆ ಕೆಲಸ ಮುಗಿಸಿಕೊಡುವ ಹೊಣೆ ನನ್ನದಾಗಿತ್ತು. ನೆಲಮಾಳಿಗೆಯಲ್ಲಿ ವಾಹನ ನಿಲುಗಡೆ, ನೆಲಮಹಡಿಯಲ್ಲಿ ಹೋಟೆಲು, ಅದರ ಮೇಲೆ ಕೊಠಡಿಗಳು. ಒಟ್ಟು ಎತ್ತರ ಸುಮಾರು 22 ಮೀಟರ್. ಇಂಥ ಕಟ್ಟಡಗಳು ಈಗ ಹಾಸನದಲ್ಲೂ ನಮ್ಮಲ್ಲೂ ಹೆಚ್ಚುತ್ತಿರುವುದರಿಂದ, ಈ ಕೆಲಸದಲ್ಲಿ ನಾನು ಯಾವುದಕ್ಕೆ ಮೊದಲ ಗಮನ ಕೊಟ್ಟೆ ಎಂಬುದನ್ನು ಬರೆದಿಡುವುದು ಉಪಯುಕ್ತವೆಂದು ಭಾವಿಸಿದ್ದೇನೆ.

ಅನುಮತಿ ಸಿಗುವುದೂ ತಡವಾಗುವುದೂ ಬಹುಮಟ್ಟಿಗೆ ನಕ್ಷೆಯ ಹಂತದಲ್ಲೇ ತೀರ್ಮಾನವಾಗುತ್ತದೆ. ಕಟ್ಟಡ ಪರವಾನಗಿಯನ್ನು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 187ನೆಯ ಪ್ರಕರಣದಡಿ ಕೊಡುವುದು ನಗರಸಭೆ. ಎತ್ತರದ ಕಟ್ಟಡಕ್ಕೆ ನಿರಾಕ್ಷೇಪಣಾ ಪತ್ರ ಕೊಡುವುದು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ. ಎರಡೂ ಕಡೆಗೆ ಹೋಗುವ ನಕ್ಷೆ ಒಂದೇ ಆಗಿರಬೇಕು. ವಾಸ್ತುಶಿಲ್ಪಿ ನಗರಸಭೆಗೆ ಒಂದು ನಕ್ಷೆ ಸಲ್ಲಿಸಿ, ಆಮೇಲೆ ಅಗ್ನಿಶಾಮಕದವರ ಸೂಚನೆಯಂತೆ ಮೆಟ್ಟಿಲಿನ ಅಗಲವನ್ನೋ ಸಂಪಿನ ಜಾಗವನ್ನೋ ಬದಲಿಸಿದರೆ, ಮೊದಲಿನ ಮಂಜೂರಾತಿಗೂ ಕಟ್ಟಿದ ಕಟ್ಟಡಕ್ಕೂ ತಾಳೆಯಾಗದೆ ಕಟ್ಟಡವನ್ನು ಬಳಸಲು ಬೇಕಾದ ಸ್ವಾಧೀನಾನುಭವ ಪತ್ರದ ಹೊತ್ತಿಗೆ ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ವಾಸ್ತುಶಿಲ್ಪಿ, ಸ್ಟ್ರಕ್ಚರಲ್ ಇಂಜಿನಿಯರ್ ಮತ್ತು ನಾನು ಒಟ್ಟಿಗೆ ಕುಳಿತು ಸಂಪು, ಪಂಪು ಕೋಣೆ, ರೈಸರ್ ಡಕ್ಟು (ಕೊಳವೆಗಳು ಮಹಡಿಯಿಂದ ಮಹಡಿಗೆ ಏರುವ ಗೂಡು), ತಾರಸಿಯ ಟ್ಯಾಂಕು, ಕಟ್ಟಡದ ಸುತ್ತಲಿನ ವಾಹನ ದಾರಿ ಇವಿಷ್ಟನ್ನೂ ಮೊದಲು ಗುರುತಿಸಿಕೊಂಡೆವು. ಕೊಠಡಿಗಳ ವಿನ್ಯಾಸ ಆಮೇಲೆ ಬಂತು. ಮಾಲೀಕರಿಗೆ ಇದು ವಿಚಿತ್ರವಾಗಿ ಕಂಡಿತು. "ಸಾರ್, ನಮ್ಮೂರಿನ ಈ ಮಳೆಗೆ ಬೆಂಕಿ ಎಲ್ಲಿಂದ ಬರುತ್ತೆ?" ಎಂದು ಅವರು ಕೇಳಿದ್ದುಂಟು.

ಅವರಿಗೆ ನಾನು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ದುರಂತವನ್ನು ನೆನಪಿಸಿದೆ. 2010ರ ಫೆಬ್ರುವರಿ 23ರಂದು ಅಲ್ಲಿ ಒಂಬತ್ತು ಜನ ಸತ್ತರು. ವಿದ್ಯುತ್ ಕೇಬಲ್ಲುಗಳ ಡಕ್ಟಿನ ಮೂಲಕ ಹೊಗೆ ಮೇಲಿನ ಮಹಡಿಗಳಿಗೆ ಏರಿತು. ಹೊರಗೆ ಸುರಿಯುವ ಮಳೆ ಒಳಗಿನ ಡಕ್ಟಿನಲ್ಲಿ ಏರುವ ಹೊಗೆಯನ್ನು ತಡೆಯಲಾರದು. ಮಲೆನಾಡಿನ ಅಂದಕ್ಕಾಗಿ ಗೋಡೆಗೂ ಚಾವಣಿಗೂ ಮರದ ಹಲಗೆ ಹೊದಿಸುವ ರೂಢಿ ನಮ್ಮಲ್ಲಿ ಬೇರೆ ಇದೆ. ಅಂಥ ಕಡೆ ಕೊಳವೆ, ಕೇಬಲ್ಲು ಹಾಯುವ ಪ್ರತಿಯೊಂದು ರಂಧ್ರವನ್ನೂ ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಬೇಕೆಂದು ನಕ್ಷೆಯ ಟಿಪ್ಪಣಿಯಲ್ಲೇ ಬರೆದುಕೊಟ್ಟೆ.

ಯಾವ ಕಟ್ಟಡಕ್ಕೆ ಏನು ಬೇಕೆಂಬುದನ್ನು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ಕಟ್ಟಡದ ಬಳಕೆ ಮತ್ತು ಎತ್ತರವನ್ನು ನೋಡಿ ಹೇಳುತ್ತದೆ; ಸ್ಪ್ರಿಂಕ್ಲರ್‌ಗಳ ವಿನ್ಯಾಸಕ್ಕೆ ಐಎಸ್ 15105 ಎಂಬ ಭಾರತೀಯ ಮಾನಕ ಆಧಾರ. ನಕ್ಷೆಯ ಜೊತೆ ನಾನು ಕಡ್ಡಾಯವಾಗಿ ಇಡುವುದು ಲೆಕ್ಕದ ಹಾಳೆ. ವಾಹನ ನಿಲುಗಡೆಯಂಥ ಜಾಗದಲ್ಲಿ ಒಂದು ಸ್ಪ್ರಿಂಕ್ಲರ್ ಗರಿಷ್ಠ 12 ಚದರ ಮೀಟರ್‌ಗೆ ನೀರು ಹಾಯಿಸಬಹುದು, ಮತ್ತು ಆ ನೀರು ನಿಮಿಷಕ್ಕೆ 5 ಮಿಲಿಮೀಟರ್ ಮಳೆ ಸುರಿದಷ್ಟು ದಟ್ಟವಾಗಿರಬೇಕು. ಅಂದರೆ ಒಂದೊಂದು ಸ್ಪ್ರಿಂಕ್ಲರ್‌ನಿಂದ ನಿಮಿಷಕ್ಕೆ 60 ಲೀಟರ್. ಕೆ ಅಂಶ (ಒತ್ತಡಕ್ಕೆ ತಕ್ಕಂತೆ ಎಷ್ಟು ನೀರು ಹೊರಬರುತ್ತದೆಂಬ ಅಳತೆ) 80 ಇರುವ ಸಾಮಾನ್ಯ ಸ್ಪ್ರಿಂಕ್ಲರ್ ಇಷ್ಟು ನೀರು ಕೊಡಲು ಅದರ ಬಾಯಿಯಲ್ಲಿ ಸುಮಾರು 0.56 ಬಾರ್ ಒತ್ತಡ ಬೇಕು. ಪಂಪಿನಿಂದ ಅತಿ ದೂರದ ಮೂಲೆಯಲ್ಲೂ ಈ ಒತ್ತಡ ಉಳಿಯುತ್ತದೆಂದು ತೋರಿಸಿಕೊಟ್ಟರೆ ಕೊಳವೆಯ ಅಳತೆ, ಪಂಪಿನ ಸಾಮರ್ಥ್ಯ, ಸಂಪಿನ ಗಾತ್ರ ಈ ಮೂರಕ್ಕೂ ಉತ್ತರ ಅದರೊಳಗೇ ಇರುತ್ತದೆ. ಲೆಕ್ಕವಿಲ್ಲದೆ ಚುಕ್ಕಿಗಳನ್ನು ಮಾತ್ರ ಗುರುತಿಸಿದ ನಕ್ಷೆಯನ್ನು ಪ್ರಶ್ನಿಸುವ ಅಧಿಕಾರಿ ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಜಿಯನ್ನು ಇಲಾಖೆಯ ಜಾಲತಾಣದಲ್ಲಿ ಸಲ್ಲಿಸಿ ಶುಲ್ಕ ಕಟ್ಟಿದ ಮೇಲೆ ಸ್ಥಳ ಪರಿಶೀಲನೆ ನಡೆಯಿತು. ಅಧಿಕಾರಿಗಳು ಮೊದಲು ನೋಡಿದ್ದು ರಸ್ತೆಯನ್ನು. ಅಗ್ನಿಶಾಮಕ ವಾಹನ ಒಳಗೆ ಬಂದು ತಿರುಗಲು ಜಾಗವಿದೆಯೇ, ನೆಲ ಅದರ ಭಾರವನ್ನು ತಡೆಯುತ್ತದೆಯೇ ಎಂದು ವಿಚಾರಿಸಿದರು. ನಮ್ಮ ಸಂಪು ಇದ್ದದ್ದು ವಾಹನ ದಾರಿಯ ಕೆಳಗೆ. ಹಾಗಿರುವಾಗ ಅದರ ಮುಚ್ಚು ಚಪ್ಪಡಿ 45 ಟನ್ ಭಾರ ತಾಳಬೇಕೆಂದು ಸಂಹಿತೆ ಹೇಳುತ್ತದೆ. ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಮಾಡಿದ ಲೆಕ್ಕವನ್ನು ಅಲ್ಲೇ ಒಪ್ಪಿಸಿದೆವು. ಗುಡ್ಡದ ಊರಾದ್ದರಿಂದ ನಿವೇಶನ ಇಳಿಜಾರಾಗಿತ್ತು. ಹಿಂಬದಿಯ ಮಣ್ಣು ಕತ್ತರಿಸಿ ತಡೆಗೋಡೆ ಕಟ್ಟದೆ ಸುತ್ತಲೂ 6 ಮೀಟರ್ ತೆರೆದ ಜಾಗ ಸಿಗುತ್ತಿರಲಿಲ್ಲ. ಹಣ ಹೆಚ್ಚು ಹೋದದ್ದು ಇದಕ್ಕೇ ಹೊರತು ಸ್ಪ್ರಿಂಕ್ಲರ್‌ಗಳಿಗಲ್ಲ.

ಬೆಂಕಿಗೆಂದು ಇಟ್ಟ ನೀರು ದಿನಬಳಕೆಗೆ ಖರ್ಚಾಗಬಾರದು, ನಿಂತು ಕೊಳೆಯಲೂ ಬಾರದು. ಹೀಗಾಗಿ ನಗರಸಭೆಯ ನಲ್ಲಿಯ ನೀರಾಗಲಿ ಬೋರ್‌ವೆಲ್ ನೀರಾಗಲಿ ಮೊದಲು ಬೆಂಕಿಯ ಸಂಪಿಗೆ ಬಿದ್ದು, ಅದು ತುಂಬಿ ಹರಿದದ್ದು ದಿನಬಳಕೆಯ ಸಂಪಿಗೆ ಹೋಗುವಂತೆ ಮಾಡಿದೆ. ಬೇಸಿಗೆಯಲ್ಲಿ ನೀರು ಸರದಿಯ ಮೇಲೆ ಬರುವ ಬಡಾವಣೆಗಳಲ್ಲಿ ಈ ಕ್ರಮವೊಂದೇ ಭರವಸೆ. ದಿನಬಳಕೆಯ ಸಂಪು ಬರಿದಾದರೂ ಬೆಂಕಿಯ ಸಂಪು ತುಂಬಿಯೇ ಇರುತ್ತದೆ. ಮಳೆಗಾಲದಲ್ಲಿ ಮೆಸ್ಕಾಂ ತಂತಿಯ ಮೇಲೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಡೀಸೆಲ್ ಪಂಪನ್ನು ನಿಯಮವಿದೆಯೆಂಬ ಕಾರಣಕ್ಕೆ ಮಾತ್ರ ಇಡುವುದಲ್ಲ, ನಿಜವಾಗಿ ಓಡುವುದು ಅದೇ ಎಂದು ತಿಳಿದು ಇಡಬೇಕು. ಅದರ ಬ್ಯಾಟರಿ ಚಾರ್ಜರ್‌ಗೂ ಹೊಗೆ ಕೊಳವೆಗೂ ಪಂಪು ಕೋಣೆಯ ನಕ್ಷೆಯಲ್ಲಿ ಜಾಗ ತೋರಿಸಿದ್ದೆ.

ಕೊಳವೆ ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಠಡಿಗಳಿಗೆ 68 ಡಿಗ್ರಿಗೆ ಒಡೆಯುವ, ಕೆಂಪು ದ್ರವ ತುಂಬಿದ ಗಾಜಿನ ಗುಳ್ಳೆಯ ಸ್ಪ್ರಿಂಕ್ಲರ್, ಅಡುಗೆಮನೆಯ ಒಲೆಯ ಹತ್ತಿರ ಅದಕ್ಕಿಂತ ಹೆಚ್ಚಿನ ಡಿಗ್ರಿಯದು. ಜಾಗದ ಗರಿಷ್ಠ ಉಷ್ಣತೆಗಿಂತ ಕನಿಷ್ಠ 30 ಡಿಗ್ರಿ ಮೇಲಿನದನ್ನು ಆರಿಸಬೇಕೆಂಬುದು ನಿಯಮ. ಫಾಲ್ಸ್ ಸೀಲಿಂಗ್‌ನ ಮೇಲಿನ ಪೊಳ್ಳು 800 ಮಿಲಿಮೀಟರ್ ಮೀರಿದರೆ ಅದರೊಳಗೂ ಸ್ಪ್ರಿಂಕ್ಲರ್ ಬೇಕಾಗುವುದರಿಂದ, ಒಳಾಂಗಣ ವಿನ್ಯಾಸಕರೊಡನೆ ಮಾತಾಡಿ ಸ್ವಾಗತ ಕೋಣೆಯ ಸೀಲಿಂಗಿನ ಪೊಳ್ಳನ್ನು ಆ ಮಿತಿಯೊಳಗೇ ನಿಲ್ಲಿಸಿದೆವು. ಸೀಲಿಂಗ್ ಮುಚ್ಚುವ ಮೊದಲು ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ಎರಡು ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಿ, ಮಾಪಕದ ಫೋಟೋವನ್ನು ದಿನಾಂಕ ಸಹಿತ ಕಡತಕ್ಕೆ ಸೇರಿಸಿದೆ.

ಅಂತಿಮ ತಪಾಸಣೆಗೆ ಬಂದಾಗ ಅಧಿಕಾರಿಗಳು ಮೇಲಿನ ಮಹಡಿಯ ತುದಿಯಲ್ಲಿದ್ದ ಪರೀಕ್ಷಾ ವಾಲ್ವನ್ನು ತೆರೆಸಿದರು. ಒತ್ತಡ ಇಳಿಯುತ್ತಿದ್ದಂತೆ ಮೊದಲು ಕೊಳವೆಯ ಒತ್ತಡ ಕಾಯುವ ಚಿಕ್ಕ ಜಾಕಿ ಪಂಪು, ಅದು ಸಾಲದೆ ಮುಖ್ಯ ಪಂಪು ಓಡಿತು. ಕೊಳವೆಯಲ್ಲಿ ನೀರು ಹರಿಯುವುದನ್ನು ಗುರುತಿಸುವ ಫ್ಲೋ ಸ್ವಿಚ್ ಆ ಮಹಡಿಯ ಸಂಖ್ಯೆಯನ್ನು ಫಲಕದಲ್ಲಿ ತೋರಿಸಿತು, ನೀರಿನ ಹರಿವಿನಿಂದಲೇ ಬಾರಿಸುವ ಗಂಟೆಯೂ ಬಾರಿಸಿತು. ಆಮೇಲೆ ಮುಖ್ಯ ವಿದ್ಯುತ್ತನ್ನೇ ತೆಗೆಸಿ ಡೀಸೆಲ್ ಪಂಪನ್ನು ಕಾದರು. ಅದೂ ತಾನಾಗಿ ಹತ್ತಿಕೊಂಡಿತು. ಒಮ್ಮೆ ಓಡಲಾರಂಭಿಸಿದ ಮುಖ್ಯ ಪಂಪು ತಾನಾಗಿ ನಿಲ್ಲಬಾರದು, ಮನುಷ್ಯನೇ ಬಂದು ನಿಲ್ಲಿಸಬೇಕು, ಅದನ್ನೂ ಪರೀಕ್ಷಿಸಿದರು. ಇಲಾಖೆಯ ಕ್ಲಿಯರೆನ್ಸ್ ಪತ್ರವನ್ನು ಲಗತ್ತಿಸಿ ನಗರಸಭೆಗೆ ಅರ್ಜಿ ಕೊಟ್ಟ ಮೇಲೆ, ಎರಡೂ ಕಡೆಯ ನಕ್ಷೆ ಒಂದೇ ಆಗಿದ್ದರಿಂದ, ಸ್ವಾಧೀನಾನುಭವ ಪತ್ರಕ್ಕೆ ಅಗ್ನಿಶಾಮಕದ ವಿಷಯದಲ್ಲಿ ಒಂದೂ ಆಕ್ಷೇಪಣೆ ಬರಲಿಲ್ಲ.

ಹಸ್ತಾಂತರದ ದಿನ ಮಾಲೀಕರಿಗೂ ವ್ಯವಸ್ಥಾಪಕರಿಗೂ ಬರೆದುಕೊಟ್ಟ ಸೂಚನೆಗಳಲ್ಲಿ ಮೂರನ್ನು ದಪ್ಪಕ್ಷರದಲ್ಲಿ ಹಾಕಿದ್ದೆ. ಸುಣ್ಣಬಣ್ಣ ಹೊಡೆಯುವಾಗ ಸ್ಪ್ರಿಂಕ್ಲರ್‌ಗೆ ಬಣ್ಣ ತಾಗಿದರೆ ಒರೆಸದೆ ಹೊಸದನ್ನೇ ಹಾಕಿಸಬೇಕು. ಸಾಮಾನು ಕೋಣೆಯಲ್ಲಿ ಪೆಟ್ಟಿಗೆಗಳ ಅಟ್ಟಿ ಸ್ಪ್ರಿಂಕ್ಲರ್‌ಗಿಂತ ಅರ್ಧ ಮೀಟರ್ ಕೆಳಗೇ ನಿಲ್ಲಬೇಕು. ಒಂದು ಗೋಡೆ ಹೊಸದಾಗಿ ಎದ್ದರೂ ಒಂದು ಕೊಠಡಿ ಎರಡಾದರೂ, ಕೆಲಸ ಆರಂಭಿಸುವ ಮೊದಲೇ ತಿದ್ದಿದ ನಕ್ಷೆಯನ್ನು ಎರಡೂ ಕಚೇರಿಗಳಿಗೆ ಸಲ್ಲಿಸಬೇಕು.