ಕಂಪ್ರೆಸರ್ ಕೈಕೊಟ್ಟರೆ ಮೊದಲು ಸೋಪಿನ ನೀರು ಕಲಸಿ

ಚಿತ್ರದುರ್ಗದಿಂದ ದಾವಣಗೆರೆ ಕಡೆಗೆ ಹೆದ್ದಾರಿ 48ರ ಪಕ್ಕ ಇರುವ ಪಂಕ್ಚರ್ ಅಂಗಡಿಗಳಲ್ಲಿ ಕಂಪ್ರೆಸರ್ ನಿಂತರೆ ವ್ಯಾಪಾರವೂ ನಿಂತ ಹಾಗೆ. ಲಾರಿ ಟೈರಿಗೆ 100 ಪಿಎಸ್‌ಐಗಿಂತ ಜಾಸ್ತಿ ಗಾಳಿ ಬೇಕು, ಕೈಪಂಪಿನಲ್ಲಿ ಆಗುವ ಮಾತಲ್ಲ. ಆದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ನೀವೇ ನೋಡಬಹುದಾದದ್ದು ಬಹಳಷ್ಟಿದೆ.

ಟ್ಯಾಂಕ್ ತುಂಬಿಸಿ, ಮೋಟಾರ್ ಆಫ್ ಮಾಡಿ, ಪ್ಲಗ್ ಕಿತ್ತು ಕಿವಿಗೊಡಿ. ಮೋಟಾರ್ ನಿಂತಾಗ ಪ್ರೆಷರ್ ಸ್ವಿಚ್ (ಗಾಳಿ ತುಂಬಿದಾಗ ಮೋಟಾರ್ ನಿಲ್ಲಿಸುವ ಸ್ವಿಚ್) ಬಳಿ ಒಮ್ಮೆ ‘ಟುಸ್’ ಅಂದರೆ ಚಿಂತೆ ಇಲ್ಲ. ಪೈಪಿನಲ್ಲಿ ಉಳಿದ ಗಾಳಿಯನ್ನು ಅನ್‌ಲೋಡರ್ ವಾಲ್ವ್ ಹೊರಬಿಡುವ ಸದ್ದು ಅದು. ಸದ್ದು ನಿಲ್ಲದೆ ‘ಸುಯ್’ ಅಂತಲೇ ಇದ್ದರೆ ತೊಂದರೆ. ಸದ್ದು ಸ್ವಿಚ್ ಕೆಳಗಿಂದ ಬರುವುದರಿಂದ ಎಷ್ಟೋ ಜನ ಸುಮ್ನೆ ಸ್ವಿಚ್ಚನ್ನೇ ಬದಲಿಸಿಬಿಡುತ್ತಾರೆ. ಕೆಟ್ಟಿರುವುದು ಹೆಚ್ಚಾಗಿ ಟ್ಯಾಂಕಿಗೆ ಪೈಪ್ ಸೇರುವ ಜಾಗದ ಚೆಕ್ ವಾಲ್ವ್. ಅದು ಹಿಡಿಯದೆ ಟ್ಯಾಂಕಿನ ಗಾಳಿ ವಾಪಸ್ ಬರುತ್ತಿರುತ್ತದೆ. ಗಾಳಿ ಪೂರ್ತಿ ಬಿಟ್ಟು, ಗೇಜ್ ಸೊನ್ನೆಗೆ ಇಳಿದ ಮೇಲಷ್ಟೇ ಸ್ಪ್ಯಾನರ್ ಹಚ್ಚಿ. ವಾಲ್ವ್ ಬಿಚ್ಚಿ, ಕೂತಿರುವ ಕಪ್ಪು ಮಸಿ ಒರೆಸಿ. ಒಳಗಿನ ಬಿಲ್ಲೆ ಸವೆದಿದ್ದರೆ ಹೊಸ ವಾಲ್ವ್ ಹಾಕಿ, ಅದರ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ.

ಸದ್ದಿಲ್ಲದೆ ಗಾಳಿ ಇಳಿಯುತ್ತಿದ್ದರೆ ಜಾಯಿಂಟ್, ಹೋಸ್ ಕ್ಲಿಪ್, ಡ್ರೈನ್ ಕಾಕ್ ಮೇಲೆಲ್ಲ ಸೋಪಿನ ನೀರು ಬಳಿಯಿರಿ. ನೊರೆ ಉಬ್ಬಿದ ಜಾಗದಲ್ಲೇ ಲೀಕ್.

ಮೋಟಾರ್ ಬರೀ ಗುಂಯ್ ಅಂದು ತಿರುಗದಿದ್ದರೆ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ. ಟ್ಯಾಂಕ್ ಖಾಲಿ ಮಾಡಿ ಮತ್ತೆ ಹಾಕಿ ನೋಡಿ. ಈಗ ಹೊರಟರೆ ತಪ್ಪು ಅನ್‌ಲೋಡರ್ ಅಥವಾ ಅದೇ ಚೆಕ್ ವಾಲ್ವ್‌ನದು. ಆಗಲೂ ಏಳದಿದ್ದರೆ ವೋಲ್ಟೇಜ್ ನೋಡಿ. ಉದ್ದದ, ತೆಳು ವೈರ್ ಎಳೆದಿದ್ದರೂ ಹೀಗಾಗುತ್ತದೆ. ಉಳಿದದ್ದು ಮೋಟಾರ್ ಹೊರಡಲು ನೆರವಾಗುವ ಕೆಪಾಸಿಟರ್. ಪ್ಲಗ್ ಕಿತ್ತ ಮೇಲೂ ಅದು ಶಾಕ್ ಹೊಡೆಯಬಲ್ಲದು, ಎಲೆಕ್ಟ್ರಿಷಿಯನ್‌ಗೇ ಬಿಡಿ.

ತುಂಬುವುದು ನಿಧಾನವೇ? ಮೊದಲು ಏರ್ ಫಿಲ್ಟರ್ ಬಿಚ್ಚಿ. ಮೆಕ್ಕೆಜೋಳದ ಒಕ್ಕಣೆ ಕಾಲದಲ್ಲಿ ನಮ್ಮ ಕಡೆಯ ಧೂಳು ಗೊತ್ತಲ್ವಾ! ಕಂಪ್ರೆಸರ್ ಓಡುವಾಗ ಫಿಲ್ಟರ್ ಬಾಯಿಂದ ಗಾಳಿ ಹೊರಗೆ ಊದುತ್ತಿದ್ದರೆ ಹೆಡ್ ಒಳಗಿನ ವಾಲ್ವ್ ಪ್ಲೇಟ್ ಹೋಗಿದೆ ಅಂತ ಅರ್ಥ. ಪ್ಲಗ್ ಕಿತ್ತು ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ, ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ, ಜಾಸ್ತಿ ಬಗ್ಗಿದರೆ ಬೆಲ್ಟ್ ಸಡಿಲ.

ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬದಲಿಸಿ. ಗಾಳಿಯ ಜೊತೆ ಆಯಿಲ್ ಬಂದರೆ ಲೆವೆಲ್ ನೋಡಿ. ಲೆವೆಲ್ ಸರಿ ಇದ್ದರೆ ಪಿಸ್ಟನ್ ರಿಂಗ್ ಸವೆದಿರಬೇಕು. ಅದು ವರ್ಕ್‌ಶಾಪಿನ ಕೆಲಸ.

ದಿನಾ ಸಂಜೆ ಟ್ಯಾಂಕ್ ತಳದ ಡ್ರೈನ್ ಕಾಕ್ ತಿರುಗಿಸಿ ನೀರು ಬಿಡಿ. ನೀರು ನಿಂತರೆ ತಳ ಒಳಗಿಂದ ತುಕ್ಕು ಹಿಡಿಯುತ್ತದೆ. ತಳ ತೂತಾದರೆ ವೆಲ್ಡಿಂಗ್ ಮಾಡಿಸಿ ಮತ್ತೆ ಗಾಳಿ ತುಂಬಬೇಡಿ, ಟ್ಯಾಂಕ್ ಸಿಡಿಯಬಹುದು. ಒತ್ತಡ ಮಿತಿ ಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಸೋರುತ್ತಿದ್ದರೆ ಆ ಜಾಗಕ್ಕೆ ಬೋಲ್ಟ್ ಜಡಿಯುವವರಿದ್ದಾರೆ. ಅಂಥ ಕಂಪ್ರೆಸರ್ ಹತ್ತಿರ ನಿಲ್ಲಲೂ ಬೇಡಿ.