ಜಿಲ್ಲಾ ಊರಲ್ಲಿ ಎಂಡೋಕ್ರೈನ್ ಸರ್ಜರಿ: ದಾರಿ ಸಿಕ್ಕಿದ್ದು ಕಿಡ್ನಿ ಸ್ಟೋನಲ್ಲಿ

ಎಂಎಸ್ ಆದ್ಮೇಲೆ ಲಖನೌದ ಸರ್ಕಾರಿ ಮೆಡಿಕಲ್ ಸಂಸ್ಥೆ ಎಸ್‌ಜಿಪಿಜಿಐಲಿ ಮೂರು ವರ್ಷ ಎಂಡೋಕ್ರೈನ್ ಸರ್ಜರಿ, ಅಂದ್ರೆ ಥೈರಾಯ್ಡ್ ಥರದ ಹಾರ್ಮೋನ್ ಗ್ರಂಥಿಗಳ ಆಪರೇಷನ್ ಕಲಿಯೋ ಎಂಸಿಎಚ್ ಡಿಗ್ರಿ ಮುಗಿಸ್ಕೊಂಡು ಶಿವಮೊಗ್ಗಕ್ಕೆ ಬಂದಾಗ ಸೀನಿಯರ್ಸ್ ಹೇಳಿದ್ದು ಒಂದೇ ಮಾತು, 'ಬರೀ ಥೈರಾಯ್ಡ್ ನಂಬ್ಕೊಂಡ್ರೆ ಇಲ್ಲಿ ಹೊಟ್ಟೆ ತುಂಬಲ್ಲ ಕಣಯ್ಯ, ಬೆಂಗಳೂರಲ್ಲಿ ಕಾರ್ಪೊರೇಟ್ ಸೇರ್ಕೋ'. ಲೆಕ್ಕ ಸರಿಯಾಗೇ ಇತ್ತು ಬಿಡಿ. ಥೈರಾಯ್ಡ್ ಗಡ್ಡೆ ಕೇಸು ಅರ್ಧ ಇಎನ್‌ಟಿಯವ್ರಿಗೆ, ಅರ್ಧ ಜನರಲ್ ಸರ್ಜನ್‌ಗೆ, ಕ್ಯಾನ್ಸರ್ ಅಂದ್ರೆ ಆಂಕೋದವ್ರಿಗೆ. ನನ್ನ ಪಾಲಿಗೆ ಯಾರಿಗೂ ಬೇಡದ ರೀಡೂ ಕೇಸು, ಅಂದ್ರೆ ಒಮ್ಮೆ ಆಪರೇಷನ್ ಆಗಿ ಮತ್ತೆ ಕುಯ್ಯಬೇಕಾದವು.

ಮೊದಲೆರಡು ವರ್ಷ ಇಎಂಐ ಕಟ್ಟಿದ್ದು ಹರ್ನಿಯಾ, ಪೈಲ್ಸು. ನಾಲ್ಕೈದು ನರ್ಸಿಂಗ್ ಹೋಮ್ ಸುತ್ತೋದು, ಲೂಪ್ (ದೊಡ್ಡದಾಗಿ ತೋರಿಸೋ ಕನ್ನಡಕ), ಬೈಪೋಲಾರ್ (ರಕ್ತ ನಿಲ್ಲಿಸೋ ಕರೆಂಟ್ ಚಿಮಟ) ಎಲ್ಲ ನಂದೇ, ಕಾರಿನ ಡಿಕ್ಕಿಲಿ. ಆಪರೇಷನ್ನಲ್ಲಿ ಧ್ವನಿಯ ನರ ಕಾಯೋ ನರ್ವ್ ಮಾನಿಟರ್ ಹತ್ತು ಲಕ್ಷದ ಮೇಲೆ ಹೇಳಿದ್ರು, ಕೈಬಿಟ್ಟೆ, ನರ ಕಣ್ಣಾರೆ ಕಂಡೇ ಬಿಡಿಸ್ತೀನಿ. ಫಿಸಿಷಿಯನ್‌ಗಳಿಗೆ ಸಿಎಂಇ (ಡಾಕ್ಟರ್ ಪಾಠದ ಕಾರ್ಯಕ್ರಮ) ಇಟ್ಟು ಊಟ ಹಾಕಿಸ್ದೆ, ಮೂವತ್ತು ಸಾವಿರ ಹೋಯ್ತು, ಹೋಳಿಗೆ ಚೆನ್ನಾಗಿತ್ತು ಅಂದ್ರು, ಪೇಷಂಟ್ ಮಾತ್ರ ಕಳಿಸ್ಲಿಲ್ಲ.

ಕೊನೆಗೆ ಕೈ ಹಿಡಿದಿದ್ದು ಯೂರಾಲಜಿಸ್ಟು. ಪದೇ ಪದೇ ಸ್ಟೋನ್ ಬರೋರಿಗೆಲ್ಲ ಒಂದು ಸೀರಮ್ ಕ್ಯಾಲ್ಸಿಯಂ ಬರೀರಿ ಸರ್, ಇನ್ನೂರು ಮುನ್ನೂರರ ಟೆಸ್ಟು, ಅಂತ ದುಂಬಾಲು ಬಿದ್ದೆ. ಥೈರಾಯ್ಡ್ ಹಿಂದಿರೋ ಪುಟ್ಟ ಪ್ಯಾರಾಥೈರಾಯ್ಡ್ ಗ್ಲ್ಯಾಂಡ್ ಕೆಟ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ, ಸ್ಟೋನ್ ಆಗುತ್ತೆ. ತಿಂಗಳುಗಟ್ಲೆ ಎಲ್ಲಾ ನಾರ್ಮಲ್, ನಗಾಡಿದ್ರು. ಆಮೇಲೆ ಬಂದ್ರು ನೋಡಿ ಒಬ್ರು ಮಲೆನಾಡ ಕಡೆ ಅಮ್ಮ, ಎರಡು ಮೂರು ಸಲ ಸ್ಟೋನ್ ತೆಗೆಸಿದ್ದಾರೆ, ಮೈಕೈ ನೋವಿಗೆ ವರ್ಷಗಟ್ಲೆ ಮಾತ್ರೆ, ಕ್ಯಾಲ್ಸಿಯಂ 12ರ ಹತ್ರ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಮುನ್ನೂರು ದಾಟಿತ್ತು, ಎರಡೂ ಜಾಸ್ತಿ. ಕೆಟ್ಟ ಗ್ಲ್ಯಾಂಡ್ ಎಲ್ಲಿದೆ ತೋರಿಸೋ ಸೆಸ್ಟಮಿಬಿ ಸ್ಕ್ಯಾನಿಗೆ ಮಣಿಪಾಲಕ್ಕೆ ಕಳಿಸಿದ್ವಿ, ಎಡಗಡೆ ಕೆಳಗಿನ ಗ್ಲ್ಯಾಂಡು, ಹಲಸಿನ ಬೀಜದಷ್ಟಿತ್ತು, ತೆಗೆದೆ. ಮಾರನೇ ದಿನವೇ ಬೆರಳು, ತುಟಿ ಸುತ್ತ ಜುಮುಜುಮು ಶುರು, ಹಂಗ್ರಿ ಬೋನ್, ಅಂದ್ರೆ ಹಸಿದ ಮೂಳೆ ರಕ್ತದ ಕ್ಯಾಲ್ಸಿಯಂನೆಲ್ಲ ಎಳ್ಕೊಳ್ಳೋದು, ವಾರ ಪೂರ್ತಿ ಕ್ಯಾಲ್ಸಿಯಂ ಡ್ರಿಪ್ಪು. ಆಮೇಲೆ ಆ ಯೂರಾಲಜಿಸ್ಟೇ ಊರೆಲ್ಲ ಹೇಳ್ಕೊಂಡು ಬಂದ್ರು, ಮೂಳೆ ಡಾಕ್ಟ್ರೂ ಕ್ಯಾಲ್ಸಿಯಂ ಬರೆಯೋಕೆ ಶುರು ಮಾಡಿದ್ರು, ಪ್ಯಾರಾಥೈರಾಯ್ಡ್ ಹಿಂದೆ ಥೈರಾಯ್ಡೂ ಬಂತು.

ಮಧ್ಯೆ ಒಂದು ಹುಚ್ಚು ಪ್ರಯೋಗ. ಗ್ಲ್ಯಾಂಡ್ ತೆಗೆದು ಹತ್ತು ನಿಮಿಷಕ್ಕೆ ಪಿಟಿಎಚ್ ಅರ್ಧಕ್ಕಿಂತ ಕೆಳಗೆ ಇಳಿದಿದ್ಯಾ ನೋಡ್ಬೇಕಲ್ಲ, ಇಳಿದ್ರೆ ಕೆಟ್ಟ ಗ್ಲ್ಯಾಂಡ್ ಬಂತು ಅಂತ, ರಕ್ತನ ಹುಡುಗನ ಕೈಲಿ ಬೈಕಲ್ಲಿ ಲ್ಯಾಬಿಗೆ ಓಡಿಸ್ದೆ. ರಿಪೋರ್ಟ್ ಬರೋಷ್ಟೊತ್ತಿಗೆ ಪೇಷಂಟ್ ವಾರ್ಡಲ್ಲಿ ಕಾಫಿ ಕೇಳ್ತಿದ್ರು. ಅನೆಸ್ತೆಟಿಸ್ಟ್ ಬೈದ್ಮೇಲೆ ಬಿಟ್ಟೆ. ಸ್ಕ್ಯಾನಲ್ಲಿ ಏನೂ ಕಾಣದಿದ್ರೆ ಮೇಲಿನ ಗ್ಲ್ಯಾಂಡ್ ಮೊದಲು ಎಲ್ಲಿ ಹುಡುಕ್ತೀನಿ ಅನ್ನೋದು ಇಲ್ಲಿ ಬರೆಯಲ್ಲ, ಓಟಿಗೆ ಬನ್ನಿ ತೋರಿಸ್ತೀನಿ.

ಈಗ ತಿಂಗಳಿಗೆ ಹದಿನೈದರ ಆಸುಪಾಸು ಕತ್ತಿನ ಕೇಸು. ಕಾರ್ಪೊರೇಟ್ ಸಂಬಳದ ಮುಕ್ಕಾಲು ಭಾಗ ಕೈಗೆ ಬರುತ್ತೆ, ಬಾಡಿಗೆ ಇಲ್ಲ, ಸ್ವಂತ ಮನೆ. ಹರ್ನಿಯಾ ಇನ್ನೂ ಬಿಟ್ಟಿಲ್ಲ, ಮಳೆಗಾಲದಲ್ಲಿ ಪ್ಲಾನ್ಡ್ ಕೇಸು ಅರ್ಧಕ್ಕರ್ಧ ಮುಂದೆ ಹೋಗುತ್ತೆ.