ಅಲ್ಲಾಡಿ ಸತ್ತ ಬ್ಯಾಟರಿ: ಆಫ್‌ರೋಡ್ ಗಾಡಿಗೆ ಬ್ಯಾಟರಿ ಆರಿಸಿದ ನನ್ನ ಅನುಭವ

ಕಲ್ಲು ತುಂಬಿದ ಹಳ್ಳ ದಾಟಿ ಎದುರಿನ ಏರು ಹತ್ತುವಾಗ ಇಂಜಿನ್ ಆಫ್ ಆಯಿತು. ಸೆಲ್ಫ್ ಹೊಡೆದೆ. 'ಟಕ್' ಅಂತ ಒಂದೇ ಸದ್ದು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಂಕಾದವು, ಕೀ ಬಿಟ್ಟ ಕೂಡಲೇ ಮತ್ತೆ ಬೆಳಗಿದವು. ಮಲ್ಟಿಮೀಟರ್ ಇಟ್ಟು ನೋಡಿದರೆ 12.5 ವೋಲ್ಟ್. ಚಾರ್ಜ್ ಏನೋ ಇತ್ತು. ಆದರೆ ಗೆಳೆಯ ಕೀ ತಿರುಗಿಸಿದಾಗ ನೋಡಿದರೆ ಅಂಕಿ ಸರ್ರನೆ 6ಕ್ಕೆ ಇಳಿಯುತ್ತಿತ್ತು. ಗಟ್ಟಿಯಾಗಿರುವ ಬ್ಯಾಟರಿ, ತೀರಾ ಚಳಿ ಇಲ್ಲದಿದ್ದರೆ, ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಹೋಗಬಾರದು. ಚಕ್ರಗಳಿಗೆ ಕಲ್ಲು ಕೊಟ್ಟು, ಗೆಳೆಯನ ಗಾಡಿಯಿಂದ ಜಂಪರ್ ಕೇಬಲ್ ಎಳೆದು ಹೇಗೋ ಸ್ಟಾರ್ಟ್ ಮಾಡಿದೆವು. ಆ ಬ್ಯಾಟರಿ ಹಾಕಿಸಿ ಆಗ ಹದಿನಾಲ್ಕೇ ತಿಂಗಳಾಗಿತ್ತು.

ಮರುದಿನ ಮೆಕ್ಯಾನಿಕ್ ಒಂದೊಂದೇ ಮುಚ್ಚಳ ತೆಗೆದು ಹೈಡ್ರೋಮೀಟರ್‌ನಲ್ಲಿ ಆಸಿಡ್ ಎಳೆದು ತೋರಿಸಿದರು. ನಾಲ್ಕು ಸೆಲ್‌ಗಳಲ್ಲಿ ತಿಳಿನೀರಿನ ಹಾಗಿತ್ತು. ಎರಡರಲ್ಲಿ ಮಳೆಗಾಲದ ಕೆಸರುನೀರಿನ ಹಾಗೆ ಕಂದು ಬಣ್ಣ. "ಸಾರ್, ಇದು ಚಾರ್ಜ್ ಇಲ್ಲದೆ ಸತ್ತಿದ್ದಲ್ಲ. ಅಲ್ಲಾಡಿ ಅಲ್ಲಾಡಿ ಸತ್ತಿದೆ" ಅಂದರು. ಬ್ಯಾಟರಿ ಎತ್ತಿದ ಮೇಲೆ ಅದು ಕೂತಿದ್ದ ತಟ್ಟೆ ನೋಡಿದೆ. ಒಂದು ಅಂಚಿನಲ್ಲಿ ಬಣ್ಣ ಪೂರ್ತಿ ಸವೆದು ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಮೇಲಿನ ಪಟ್ಟಿಯ ನಟ್ಟು ಸಡಿಲವಾಗಿತ್ತು. ಅಷ್ಟು ದಿನವೂ ಬ್ಯಾಟರಿ ಬೆರಳಗಲ ಅತ್ತಿತ್ತ ಸರಿದಾಡುತ್ತಾ ಇತ್ತು. ನಾನು ಒಂದು ದಿನವೂ ಕೈಯಿಟ್ಟು ನೋಡಿರಲಿಲ್ಲ.

ಒಳಗೆ ಆಗಿದ್ದೇನು? ಬ್ಯಾಟರಿಯ ಪ್ಲೇಟ್ ಅಂದರೆ ಸೀಸದ ಜಾಲರಿ. ಅದರ ಕಣ್ಣುಗಳಲ್ಲಿ ಪೇಸ್ಟ್ ತುಂಬಿರುತ್ತಾರೆ. ಕೆಲಸ ಮಾಡುವುದು ಆ ಪೇಸ್ಟ್. ಗಾಡಿ ಕುಲುಕಿದಷ್ಟೂ ಪೇಸ್ಟ್ ಉದುರಿ ತಳದಲ್ಲಿ ಕೂರುತ್ತದೆ. ಆಸಿಡ್ ಕಂದು ಆಗಿದ್ದು ಅದರಿಂದಲೇ. ತಳದಲ್ಲಿ ಸೇರಿದ್ದು ಜಾಸ್ತಿಯಾಗಿ ಪ್ಲೇಟ್‌ಗಳಿಗೆ ತಾಗಿದರೆ ಆ ಸೆಲ್ ಒಳಗೇ ಶಾರ್ಟ್ ಆಗುತ್ತದೆ. ಇನ್ನೊಂದು ಕಡೆ, ಪ್ಲೇಟ್‌ಗಳನ್ನು ಸೇರಿಸುವ ಸೀಸದ ಪಟ್ಟಿ ಬಿರುಕು ಬಿಡುತ್ತದೆ. ಆಗಲೇ ಮೀಟರ್ 12.5 ತೋರಿಸುತ್ತಿದ್ದರೂ ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಕೇಳಿದಾಗ ಬ್ಯಾಟರಿ ಕೈಚೆಲ್ಲುವುದು.

ಆ ಬ್ಯಾಟರಿ ಆರಿಸುವಾಗ ನಾನು ನೋಡಿದ್ದು ಒಂದೇ ಅಂಕಿ, ಸಿಸಿಎ. ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ಮೈನಸ್ 18 ಡಿಗ್ರಿ ಚಳಿಯಲ್ಲಿ, ವೋಲ್ಟೇಜ್ 7.2ಕ್ಕಿಂತ ಇಳಿಯದಂತೆ, 30 ಸೆಕೆಂಡ್ ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವ ಲೆಕ್ಕ ಅದು. ಇದು ಅಮೆರಿಕದ ಎಸ್‌ಎಇ ಪದ್ಧತಿ. ಯುರೋಪಿನ ಇಎನ್ ಪದ್ಧತಿಯ ಪರೀಕ್ಷೆ ಬೇರೆ, ಹಾಗಾಗಿ ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ನನ್ನದು ಡೀಸೆಲ್ ಇಂಜಿನ್, ಸಿಸಿಎ ಬೇಕೇ ಬೇಕು. ಆದರೆ ಅಷ್ಟೇ ಅಳತೆಯ ಡಬ್ಬಿಯಲ್ಲಿ ಸಿಸಿಎ ಏರಿಸಬೇಕಾದರೆ ಸಾಮಾನ್ಯವಾಗಿ ಪ್ಲೇಟ್‌ಗಳನ್ನು ತೆಳ್ಳಗೆ ಮಾಡಿ ಜಾಸ್ತಿ ಜೋಡಿಸುತ್ತಾರೆ. ತೆಳು ಪ್ಲೇಟ್ ಕುಲುಕಾಟಕ್ಕೂ ತಡೆಯುವುದಿಲ್ಲ, ಪದೇ ಪದೇ ಖಾಲಿಯಾಗುವುದಕ್ಕೂ ತಡೆಯುವುದಿಲ್ಲ. ಈಗ ನಾನು ಗಾಡಿ ತಯಾರಿಸಿದವರು ಹೇಳಿದ ಸಿಸಿಎ ಸಿಕ್ಕರೆ ಸಾಕು ಅಂತ ಇಟ್ಟುಕೊಂಡು, ಉಳಿದ ಗಮನವನ್ನೆಲ್ಲ ಬ್ಯಾಟರಿಯನ್ನು ಒಳಗೆ ಎಷ್ಟು ಗಟ್ಟಿಯಾಗಿ ಕಟ್ಟಿದ್ದಾರೆ ಅನ್ನುವುದರ ಕಡೆ ಕೊಡುತ್ತೇನೆ. ಇಎನ್ 50342 ಮಾನದಂಡದಲ್ಲಿ ಕಂಪನ ತಡೆಯುವ ಶಕ್ತಿಗೆ ವಿ1ರಿಂದ ವಿ4ರವರೆಗೆ ದರ್ಜೆಗಳಿವೆ. ಅಂಕಿ ಜಾಸ್ತಿಯಾದಷ್ಟು ಕಂಪನ ತಡೆಯುತ್ತದೆ. ಡಬ್ಬಿಯ ಮೇಲೋ ತಯಾರಕರ ಪಟ್ಟಿಯಲ್ಲೋ ಅದು ಇದೆಯಾ ಅಂತ ಹುಡುಕಿ. ಆಫ್‌ರೋಡ್ ಓಡಿಸುವವರಿಗೆ ಸಿಸಿಎಗಿಂತ ಜಾಸ್ತಿ ಸುದ್ದಿ ಅದರಲ್ಲಿದೆ.

ಹೊಸದು ತರುವ ಮೊದಲು ನನ್ನ ಗಾಡಿ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿದೆ. ವಿಂಚ್, ಅಂದರೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಮೋಟರ್, ಪೂರ್ತಿ ಭಾರ ಎಳೆಯುವಾಗ ಸುಮಾರು 400 ಆಂಪಿಯರ್. ಮೂರು ನಿಮಿಷ ಎಳೆದರೆ 20 ಆಂಪಿಯರ್ ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್) ಹೋಯಿತು. ಅದೇ ಮೂರು ನಿಮಿಷದಲ್ಲಿ 100 ಆಂಪಿಯರ್‌ನ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಪೂರ್ತಿ ಕೊಟ್ಟರೂ ವಾಪಸ್ ಬರುವುದು 5. ಉಳಿದ 15 ಬ್ಯಾಟರಿಯಿಂದಲೇ ಹೋಗಬೇಕು. ಅಷ್ಟು ರಭಸವಾಗಿ ಎಳೆದಾಗ ಬ್ಯಾಟರಿಯ ಮೇಲೆ ಬರೆದಷ್ಟು ಆಂಪಿಯರ್ ಅವರ್ ಸಿಗುವುದೂ ಇಲ್ಲ, ಆ ಅಂಕಿ 20 ಗಂಟೆ ನಿಧಾನವಾಗಿ ಖಾಲಿ ಮಾಡಿ ಅಳೆದದ್ದು. ಇನ್ನು ಫ್ರಿಜ್. ಓಡುವಾಗ 4 ಆಂಪಿಯರ್, ಅರ್ಧ ಹೊತ್ತು ಓಡುತ್ತದೆ ಅಂತ ಹಿಡಿದರೂ ರಾತ್ರಿ 12 ಗಂಟೆಗೆ 24 ಆಂಪಿಯರ್ ಅವರ್. 75ರ ಬ್ಯಾಟರಿಯಲ್ಲಿ ಮೂರನೇ ಒಂದು ಭಾಗ! ಸ್ಟಾರ್ಟ್ ಮಾಡಲೆಂದೇ ಮಾಡಿದ ಬ್ಯಾಟರಿಗೆ ಇದು ಆಗಿಬರುವ ಕೆಲಸ ಅಲ್ಲ. ಆದ್ದರಿಂದ ಸಿಸಿಎ ಜೊತೆಗೆ ರಿಸರ್ವ್ ಕೆಪಾಸಿಟಿಯನ್ನೂ ನೋಡಿದೆ. 25 ಆಂಪಿಯರ್ ಎಳೆಯುತ್ತ ಹೋದರೆ ವೋಲ್ಟೇಜ್ 10.5ಕ್ಕೆ ಇಳಿಯುವವರೆಗೆ ಎಷ್ಟು ನಿಮಿಷ ಬಾಳುತ್ತದೆ ಅನ್ನುವ ಅಂಕಿ ಅದು.

ಕೊನೆಗೆ ಎಜಿಎಂ (ಅಬ್ಸಾರ್ಬ್ಡ್ ಗ್ಲಾಸ್ ಮ್ಯಾಟ್) ಬ್ಯಾಟರಿ ತೆಗೆದುಕೊಂಡೆ. ಇದರಲ್ಲಿ ಪ್ಲೇಟ್‌ಗಳ ನಡುವೆ ಗಾಜಿನ ನಾರಿನ ಹಾಸು ಇರುತ್ತದೆ, ಆಸಿಡ್‌ ಅನ್ನು ಅದೇ ಹೀರಿಕೊಂಡಿರುತ್ತದೆ. ಹಾಸು, ಪ್ಲೇಟ್ ಎಲ್ಲವನ್ನೂ ಒತ್ತಿ ಬಿಗಿಯಾಗಿ ತುಂಬಿರುವುದರಿಂದ ಪೇಸ್ಟ್ ಉದುರಲು ಜಾಗವೇ ಇಲ್ಲ. ಗಾಡಿ ಎಷ್ಟೇ ವಾಲಿದರೂ ಆಸಿಡ್ ಚೆಲ್ಲುವುದಿಲ್ಲ. ನೀರು ತುಂಬುವ ಬ್ಯಾಟರಿಯ ಮುಚ್ಚಳದ ಸುತ್ತ ಒದ್ದೆಯಾಗಿ ತಟ್ಟೆಗೆ ತುಕ್ಕು ಹಿಡಿಯುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಪ್ಲೇಟ್‌ಗಳನ್ನು ಸುರುಳಿ ಸುತ್ತಿ ಮಾಡಿದ ಎಜಿಎಂ ಕೂಡ ಕುಲುಕಾಟಕ್ಕೆ ಗಟ್ಟಿ. ಆದರೆ ದುಂಡಗಿನ ಸೆಲ್‌ಗಳ ಸಂದಿಯಲ್ಲಿ ಜಾಗ ಹಾಳಾಗುತ್ತದೆ, ಅದೇ ಅಳತೆಯಲ್ಲಿ ಆಂಪಿಯರ್ ಅವರ್ ಕಡಿಮೆ. ಫ್ರಿಜ್ ಇಟ್ಟುಕೊಂಡ ನನಗೆ ಅದು ಹೊಂದಲಿಲ್ಲ. ಆಸಿಡ್ ಅನ್ನು ಲೋಳೆಯ ಹಾಗೆ ಗಟ್ಟಿ ಮಾಡಿದ ಜೆಲ್ ಬ್ಯಾಟರಿಗೆ ವಿಂಚಿನ ರಭಸ ಒಗ್ಗುವುದಿಲ್ಲ, ಬಿಟ್ಟೆ.

ಲಿಥಿಯಂ ಬಗ್ಗೆ ಬಹಳ ದಿನ ಯೋಚಿಸಿದೆ. ಲಿಥಿಯಂ ಐರನ್ ಫಾಸ್ಫೇಟ್ ತೂಕದಲ್ಲಿ ಅರ್ಧಕ್ಕಿಂತ ಕಡಿಮೆ, ತುಂಬಾ ಆಳಕ್ಕೆ ಖಾಲಿ ಮಾಡಿದರೂ ಸಾವಿರಾರು ಸಲ ಚಾರ್ಜ್ ಆಗುತ್ತದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಬಾನೆಟ್ ಒಳಗಿನ ಬಿಸಿಯೂ ಅದಕ್ಕೆ ಆಗದು. ಮಿತಿ ಮೀರಿ ಕರೆಂಟ್ ಎಳೆದರೆ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಲೈನ್ ಕತ್ತರಿಸುತ್ತದೆ, ವಿಂಚ್ ಅರ್ಧ ಏರಿನಲ್ಲಿ ನಿಲ್ಲುತ್ತದೆ. ಕ್ಯಾಬಿನ್ ಒಳಗೆ, ಗಾಡಿಯ ಕರೆಂಟನ್ನು ಲಿಥಿಯಂಗೆ ತಕ್ಕ ವೋಲ್ಟೇಜಿಗೆ ಬದಲಿಸುವ ಡಿಸಿ ಟು ಡಿಸಿ ಚಾರ್ಜರ್ ಕೊಟ್ಟು, ಎರಡನೇ ಬ್ಯಾಟರಿಯಾಗಿ ಇಡುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಂಜಿನ್ ಪಕ್ಕ ಮಾತ್ರ ಬೇಡ.

ಎಜಿಎಂ ಹಾಕುವ ಮೊದಲು ಗಾಡಿಯ ಚಾರ್ಜಿಂಗ್ ಅಳೆಯಲೇಬೇಕು. ಇಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಟರ್ಮಿನಲ್ ಮೇಲೇ ಮೀಟರ್ ಇಟ್ಟೆ. ಇಂಜಿನ್ ತಣ್ಣಗಿದ್ದಾಗ 14.3, ಬಿಸಿಯಾದ ಮೇಲೆ 13.9. ಇದು ಸರಿ. 14.8 ದಾಟುತ್ತಿದ್ದರೆ ಮೊದಲು ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ರಿಪೇರಿ ಮಾಡಿಸಬೇಕು. ಎಜಿಎಂ ಒಳಗೆ ಒಮ್ಮೆ ಒಣಗಿದರೆ ಡಿಸ್ಟಿಲ್ಡ್ ವಾಟರ್ ಹಾಕಲು ದಾರಿಯೇ ಇಲ್ಲ. ಬಿಸಿ ಕೂಡ ಹಾಗೇ: ಸುಮಾರು 10 ಡಿಗ್ರಿ ಏರಿದರೆ ಆಯುಸ್ಸು ಅರ್ಧ ಅಂತ ಒಂದು ಅಂದಾಜು ಲೆಕ್ಕ ಇದೆ. ನನ್ನ ಗಾಡಿಯಲ್ಲಿ ಟರ್ಬೋ ಪೈಪ್ ಹತ್ತಿರವೇ ಹಾದುಹೋಗುತ್ತದೆ, ನಡುವೆ ಒಂದು ಶಾಖ ತಡೆಯುವ ತಗಡು ಕೂರಿಸಿದೆ.

ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಸುಮ್ನೆ ಕೂತಿದ್ದರೂ ಬ್ಯಾಟರಿ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತದೆ, ಹಾಗೆ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಮೀಟರ್ ಇಟ್ಟೇ ತೆಗೆದುಕೊಳ್ಳಿ. ಎಜಿಎಂ ತುಂಬಿದ್ದರೆ 12.8ರ ಆಸುಪಾಸು ಇರಬೇಕು. ಒಂದೇ ಜಾತಿಯ, ಒಂದೇ ಅಳತೆಯ ಎರಡಿದ್ದರೆ ಎತ್ತಿ ನೋಡಿ, ಭಾರ ಇರುವುದರಲ್ಲಿ ಸಾಮಾನ್ಯವಾಗಿ ಸೀಸ ಜಾಸ್ತಿ. ಪ್ಲಸ್ ಯಾವ ಕಡೆ ಅನ್ನುವುದನ್ನೂ ಮರೆಯಬೇಡಿ. ಬೇರೆ ಕಡೆ ಇದ್ದರೆ ಕೇಬಲ್ ಸಲೀಸಾಗಿ ಎಟುಕುವುದಿಲ್ಲ, ಬಿಗಿಯಾಗಿ ಎಳೆದು ಕೂರಿಸಿದರೆ ಪ್ರತಿ ಗುಂಡಿಗೂ ಅದು ಟರ್ಮಿನಲ್ ಜಗ್ಗುತ್ತದೆ.

ಕೂರಿಸುವುದಕ್ಕೆ ಅರ್ಧ ದಿನ ಕೊಟ್ಟೆ, ಅಷ್ಟು ಬೇಕಿತ್ತು. ತಟ್ಟೆಯ ತುಕ್ಕು ಉಜ್ಜಿ, ಅಡುಗೆ ಸೋಡಾ ನೀರಿನಿಂದ ತೊಳೆದು, ಹಳದಿ ಬಣ್ಣ ಹೊಡೆದೆ. ಎಲ್ಲಾದರೂ ಉಜ್ಜಿದರೆ ಕಣ್ಣಿಗೆ ಬೀಳಲಿ ಅಂತ ಹಳದಿ. ಕೆಳಗೆ ತೆಳ್ಳನೆ ರಬ್ಬರ್ ಹಾಸು. ದಪ್ಪ ಸ್ಪಂಜಿನಂಥದ್ದು ಹಾಕಿದರೆ ಬ್ಯಾಟರಿ ಅದರ ಮೇಲೇ ಕುಣಿಯುತ್ತದೆ. ಮೇಲೆ ಉಕ್ಕಿನ ಅಡ್ಡಪಟ್ಟಿ, ಎರಡು ಉದ್ದ ಬೋಲ್ಟ್, ತಾನಾಗಿ ಸಡಿಲವಾಗದ ನೈಲಾನ್ ನಟ್ಟು. ಡಬ್ಬಿ ಒಳಕ್ಕೆ ಬಾಗುವಷ್ಟು ಬಿಗಿಯಬಾರದು, ಬಿರುಕು ಬಿಡುತ್ತದೆ. ಬ್ಯಾಟರಿ ಹಿಡಿದು ಜೋರಾಗಿ ಅಲ್ಲಾಡಿಸಿದೆ. ಗಾಡಿ ಅಲ್ಲಾಡಿತು, ಬ್ಯಾಟರಿ ತಟ್ಟೆಯಲ್ಲಿ ಕದಲಲಿಲ್ಲ. ಪ್ಲಸ್ ಟರ್ಮಿನಲ್‌ಗೆ ರಬ್ಬರ್ ಟೋಪಿ ಹಾಕಿದೆ. ಗಾಡಿ ಮಗುಚಿ ಬಾನೆಟ್ ತಗ್ಗಿದರೂ ತಗಡು ಪ್ಲಸ್‌ಗೆ ತಾಗಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಇದಾಗಿ ಒಂದು ತಿಂಗಳಿಗೆ ಇನ್ನೊಂದು ತೊಂದರೆ ಸಿಕ್ಕಿತು. ಗಾಡಿ ಹತ್ತು ದಿನ ನಿಂತರೆ ವೋಲ್ಟೇಜ್ 12.2. ಎಲ್ಲ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು, ಮೈನಸ್ ಕೇಬಲ್ ಮಧ್ಯೆ ಮೀಟರ್ ಸೇರಿಸಿದಾಗ 0.18 ಆಂಪಿಯರ್ ಹರಿಯುತ್ತಿತ್ತು. ದಿನಕ್ಕೆ ನಾಲ್ಕು ಆಂಪಿಯರ್ ಅವರ್ ಮೇಲೆ! ಒಂದೊಂದೇ ಫ್ಯೂಸ್ ತೆಗೆಯುತ್ತ ಹೋದಾಗ ನಾನೇ ಎಳೆದಿದ್ದ ಯುಎಸ್‌ಬಿ ಚಾರ್ಜರ್ ಲೈನ್ ಸಿಕ್ಕಿತು. ಅದನ್ನು ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಹಾಕಿದ ಮೇಲೆ 0.03ಕ್ಕೆ ಇಳಿಯಿತು.

ಬ್ಯಾಟರಿಗೆ ಈಗ ನಾಲ್ಕು ವರ್ಷ. ಪ್ರತಿ ಸುತ್ತಾಟ ಮುಗಿದ ಮೇಲೆ ಬಾನೆಟ್ ತೆಗೆದು ಸ್ಪಾನರ್ ಇಟ್ಟು ನೋಡುತ್ತೇನೆ. ಇಲ್ಲಿಯವರೆಗೆ ಎರಡು ಸಲ ಮಾತ್ರ ಕಾಲು ಸುತ್ತು ಬಿಗಿಯಬೇಕಾಯಿತು. ಹೋದ ತಿಂಗಳು ತಟ್ಟೆಯ ಎಡಮೂಲೆಯಲ್ಲಿ ಉಗುರಿನಷ್ಟು ಜಾಗದಲ್ಲಿ ಹಳದಿ ಬಣ್ಣ ಸವೆದಿತ್ತು. ಅಲ್ಲಿಗೆ ಕೂರಿಸಲು ಹೊಸ ರಬ್ಬರ್ ತುಂಡು ಕತ್ತರಿಸಿ ಇಟ್ಟಿದ್ದೇನೆ.